ದಾಸವಾಳ ಕುಡಿದ ನೀರು

ಆಗ ದಾಬಸ್‌ಪೇಟೆ ಸುತ್ತ ಇಷ್ಟೊಂದು ಗೋಡೌನುಗಳು ಎದ್ದಿರಲಿಲ್ಲ. ನಮ್ಮ ಹೈಸ್ಕೂಲಿನ ಮುಂದಿನ ಕಿಟಕಿ ತೆರೆದರೆ ಲಾರಿಗಳ ಧೂಳು, ಹಿಂದಿನದು ತೆರೆದರೆ ರಾಗಿ ಹೊಲ, ಅದರಾಚೆ ಶಿವಗಂಗೆ ಬೆಟ್ಟ. ನಾನೂ ಪವಿತ್ರಳೂ ಹಿಂದಿನ ಕಿಟಕಿ ಪಕ್ಕದ ಬೆಂಚಿನವರು. ಎಂಟನೇ ಕ್ಲಾಸಿಗೆ ಸೇರಿದ ವಾರದಲ್ಲೇ ದೊಡ್ಡ ಕ್ಲಾಸಿನ ಅಕ್ಕಂದಿರು ನಮಗೊಂದು ಪಾಠ ಹೇಳಿಕೊಟ್ಟಿದ್ದರು.

"ಬೆಳಿಗ್ಗೆ ಕೊಡೋ ಹಾಲು ಕುಡೀಬೇಡ್ರೇ. ನೀರಂತೂ ಮುಟ್ಲೇಬೇಡಿ. ಆಮೇಲೆ ಒದ್ದಾಡ್ತೀರ."

ಯಾಕೆಂದರೆ ಹುಡುಗಿಯರ ಟಾಯ್ಲೆಟ್ಟಿಗೆ ಒಳಗಿನ ಚಿಲಕವೇ ಇರಲಿಲ್ಲ. ಯಾವ ಕಾಲದಲ್ಲಿ ಕಿತ್ತುಹೋಗಿತ್ತೋ, ಸ್ಕ್ರೂ ಹೊಡೆದಿದ್ದ ತೂತುಗಳು ಮಾತ್ರ ಉಳಿದಿದ್ದವು. ಆ ತೂತುಗಳಿಗೂ ನಾವೇ ಕಾಗದ ತುರುಕಿದ್ದೆವು. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಎಳೆದು ಹಿಡಿದು ನಿಲ್ಲಬೇಕು. ಹೀಗೆ ಪ್ರತಿ ಹುಡುಗಿಗೂ ಒಬ್ಬಳು ಬಾಗಿಲ ಜೊತೆಗಾತಿ. ನನ್ನವಳು ಪವಿತ್ರ. ಹುಡುಗರ ಚೆಂಡು ಬೇಕುಬೇಕೆಂದೇ ಅಲ್ಲಿಗೆ ಉರುಳಿ ಬರುತ್ತಿತ್ತು. ಒಮ್ಮೆ ಅವಳು ಅದನ್ನೆತ್ತಿ ಕಾಂಪೌಂಡಿನಾಚೆಯ ಹೊಲಕ್ಕೆ ಎಸೆದಿದ್ದಳು. ನಾನು ಒಳಗಿರುವಷ್ಟು ಹೊತ್ತೂ ಹೊರಗಿನಿಂದ ಅವಳ ಕೂಗು ನಿಲ್ಲುತ್ತಿರಲಿಲ್ಲ. "ನಾನಿದೀನಿ ಕಣೇ ಮಂಜಿ, ಎಲ್ಲೂ ಹೋಗಿಲ್ಲ!"

ಪುಡಿ ಹಾಲು ಕಾಯುವ ಸಿಹಿ ವಾಸನೆ ಬೆಳಿಗ್ಗೆ ಪ್ರೇಯರ್ ಹೊತ್ತಿಗೇ ಮೂಗಿಗೆ ಬಡಿಯುತ್ತಿತ್ತು. ನಮ್ಮ ಪಾಲಿನ ಲೋಟಗಳನ್ನೂ ಹುಡುಗರೇ ಮುಗಿಸಿ, ಬಿಳಿ ಮೀಸೆ ಮಾಡಿಕೊಂಡು ಮೆರೆಯುತ್ತಿದ್ದರು. ಮಧ್ಯಾಹ್ನ ಬಿಸಿಯೂಟದ ಸಾಂಬಾರು ಉಂಡು, ತುಟಿ ಒಣಗಿದರೂ ಸುಮ್ಮನೆ ಕೂರುತ್ತಿದ್ದೆವು. ಅದೊಂದು ಕಷ್ಟ ಅಂತಲೂ ನಮಗೆ ಅನ್ನಿಸಿರಲಿಲ್ಲ.

ಒಂಬತ್ತನೇ ಕ್ಲಾಸಿನಲ್ಲಿ ಶಿವರಾತ್ರಿ ಕಳೆದು ಬಿಸಿಲು ಏರಿದಾಗ ಹುಡುಗಿಯೊಬ್ಬಳು ಪ್ರೇಯರಿನಲ್ಲಿ ತಲೆಸುತ್ತಿ ಬಿದ್ದಳು. ಮಕ್ಕಳು ನೀರು ಕುಡಿಯುವುದಿಲ್ಲ ಎಂದು ವಿಜ್ಞಾನದ ನಾಗರತ್ನ ಮಿಸ್ ನೀರಿನ ಗಂಟೆ ಶುರುಮಾಡಿಸಿದರು. ಗಂಟೆ ಹೊಡೆದಾಗಲೆಲ್ಲ ಬಾಟಲಿ ಎತ್ತಬೇಕು, ಸಂಜೆ ಖಾಲಿ ತೋರಿಸಬೇಕು. ನಾವೇನು ಕಮ್ಮಿಯೇ? ವರಾಂಡದ ಮೂಲೆಯ ದಾಸವಾಳದ ಬುಡಕ್ಕೆ ಬಗ್ಗಿಸಿಬಿಡುತ್ತಿದ್ದೆವು. ಆ ಗಿಡ ಸುಡುಬಿಸಿಲಲ್ಲೂ ಮೈತುಂಬ ಹೂ ಬಿಟ್ಟಿತು. "ನೋಡ್ರಪ್ಪಾ, ನಮ್ ಸ್ಕೂಲ್ ಮಣ್ಣು ಹೆಂಗೈತೆ!" ಎಂದು ಹೆಡ್‌ಮಾಸ್ಟರು ಬಂದವರಿಗೆಲ್ಲ ತೋರಿಸುತ್ತಿದ್ದರು.

ಹೀಗಿರುವಾಗ ಪವಿತ್ರಳಿಗೆ ಜ್ವರ, ಕಿಬ್ಬೊಟ್ಟೆಯಲ್ಲಿ ತಡೆಯಲಾರದ ನೋವು. ನೆಲಮಂಗಲದ ಆಸ್ಪತ್ರೆಯಲ್ಲಿ, ನೀರು ಕುಡಿಯದೆ, ಹೊತ್ತುಹೊತ್ತಿಗೆ ಹೋಗದೆ ತಡೆದುಕೊಂಡು ಮೂತ್ರದ ಸೋಂಕಾಗಿದೆ ಎಂದರು. ಅವಳ ಅಪ್ಪ ಅಮ್ಮ ಇಬ್ಬರೂ ಫ್ಯಾಕ್ಟರಿ ಕೆಲಸದವರು, ಮನೆಯಲ್ಲಿ ಅಜ್ಜಿಯ ಮಾತೇ ಮಾತು. ಅಜ್ಜಿ ಒಂದೇ ಏಟಿಗೆ ತೀರ್ಮಾನ ಮಾಡಿದಳು. "ಓದಿದ್ದು ಸಾಕು. ಜೀವ ಇದ್ರೆ ಬೆಲ್ಲ ಬೇಡ್ಕೊಂಡು ತಿನ್ಬೋದು. ಮನೇಲಿರ್ಲಿ."

ಬೆಂಚಿನಲ್ಲಿ ನಾನೊಬ್ಬಳೇ ಆದೆ. ಬಾಗಿಲು ಹಿಡಿಯುವವರೂ ಇಲ್ಲ. ಉಳಿದವರಿಗೆಲ್ಲ ಅವರವರ ಜೊತೆ ಇತ್ತು. ಹೊಟ್ಟೆ ಬಿಗಿಹಿಡಿದು ಕೂತು ಒಂದು ಮಧ್ಯಾಹ್ನ ಅತ್ತುಬಿಟ್ಟೆ. ಮಿಸ್ ಪಕ್ಕಕ್ಕೆ ಕರೆದರು.

"ಏನಾಯ್ತೇ? ಪವಿತ್ರ ಯಾಕ್ ಬರ್ತಿಲ್ಲ?"

"ಅಲ್ಲಿ ಚಿಲಕ ಇಲ್ಲ ಮಿಸ್."

ಒಂದು ಹೇಳಿದ ಮೇಲೆ ಉಳಿದದ್ದೂ ಬಂತು, ಹಾಲು, ಬಾಟಲಿ, ದಾಸವಾಳ ಎಲ್ಲ. ಮಿಸ್ ಆ ಗಿಡವನ್ನೇ ನೋಡುತ್ತ ನಿಂತರು. "ಅಯ್ಯೋ, ನನ್ ಬುದ್ಧಿಗಿಷ್ಟು! ಕುಡೀರಿ ಕುಡೀರಿ ಅಂತ ಗಂಟೆ ಹೊಡೆಸ್ದೆ. ಕುಡಿದ್ಮೇಲೆ ಎಲ್ಲಿಗೆ ಹೋಗ್ತೀರ ಅಂತ ಕೇಳ್ಲೇ ಇಲ್ವಲ್ಲೇ."

ಮರುದಿನ ಹೆಡ್‌ಮಾಸ್ಟರ ಎದುರಿಗೇ ಟೀಚರುಗಳ ಟಾಯ್ಲೆಟ್ಟಿನ ಬೀಗದ ಕೈ ತಂದು ನಮ್ಮ ಕ್ಲಾಸ್ ಲೀಡರ್ ಕೈಗೆ ಕೊಟ್ಟರು. "ಇವತ್ತಿಂದ ಅದು ಹುಡುಗೀರ್ದು. ನಾವು ಇವರದಕ್ಕೆ ಹೋಗ್ತೀವಿ."

ಹೆಡ್‌ಮಾಸ್ಟರು ಗಾಬರಿಯಾದರು. "ಅಲ್ಲಮ್ಮಾ, ಚಿಲಕಾನೇ ಇಲ್ಲ. ನೀವೆಲ್ಲ ಅಲ್ಲಿಗೆ ಹೆಂಗೆ ಹೋಗ್ತೀರಾ?"

"ಅದನ್ನೇ ಸಾರ್ ನಾನೂ ಕೇಳ್ತಿರೋದು. ಇವರು ಹೆಂಗೆ ಹೋಗ್ತಿದ್ರು?"

ಆ ವಾರದಲ್ಲೇ ಬಡಗಿ ಬಂದ. ಹೊಸ ಬಾಗಿಲು, ಕೈಬೆರಳಷ್ಟು ದಪ್ಪದ ಕಬ್ಬಿಣದ ಚಿಲಕ, ನಲ್ಲಿಗೂ ರಿಪೇರಿ.

ನಾನೂ ಮಿಸ್ಸೂ ಪವಿತ್ರಳ ಮನೆಗೆ ಹೋದೆವು. ಅಜ್ಜಿ ಜಗುಲಿಯಲ್ಲಿ ಕೂತು ಹುಣಸೆಹಣ್ಣು ಬಡಿದು ಬೀಜ ಬಿಡಿಸುತ್ತಿದ್ದಳು. ಮಿಸ್ ಹೇಳಿದ್ದೆಲ್ಲ ಕೇಳಿಸಿಕೊಂಡು, "ಹೇಳೋರೆಲ್ಲ ಹೇಳ್ತಾರೆ ಮೇಡಮ್ಮಾ. ನಾನು ಕಣ್ಣಾರೆ ನೋಡ್ಬೇಕು" ಎಂದಳು. ಬಾಗಿಲ ಹಿಂದೆ ಪವಿತ್ರಳ ಬಳೆ ಸದ್ದಾಯಿತು.

ಮಾರನೇ ದಿನ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಶಾಲೆಗೆ ಬಂದೇಬಿಟ್ಟಳು. ನೇರ ಒಳಗೆ ಹೋಗಿ ಚಿಲಕ ಹಾಕಿಕೊಂಡು ಕೂಗಿದಳು. "ಮಂಜೀ, ಹೊರಗಿಂದ ತಳ್ಳೇ!"

ತಳ್ಳಿದೆ.

"ಮುದ್ದೆ ತಿಂದಿಲ್ವೇನೇ? ಜೋರಾಗ್ ತಳ್ಳು!"

ಎರಡೂ ಕೈಯಲ್ಲಿ ತಳ್ಳಿದೆ, ಭುಜ ಕೊಟ್ಟು ತಳ್ಳಿದೆ. ಹುಡುಗರು ಆಟ ಬಿಟ್ಟು ನೋಡುತ್ತಿದ್ದರು. ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಒಳಗೆ ನಲ್ಲಿ ಬಿಟ್ಟು ನಿಲ್ಲಿಸಿದ ಸದ್ದಾಯಿತು. ಅಜ್ಜಿ ಹೊರಗೆ ಬಂದು ಹೆಡ್‌ಮಾಸ್ಟರ ಮುಂದೆ ನಿಂತಳು.

"ಇದನ್ನ ಮೊದ್ಲೇ ಮಾಡ್ಸೋಕೆ ಏನ್ ಸ್ವಾಮಿ ರೋಗ ಬಂದಿತ್ತು?" ಆಮೇಲೆ ನನ್ನ ಕಡೆ ತಿರುಗಿ, "ಸೋಮವಾರದಿಂದ ಬತ್ತಾಳೆ ಕಣೇ" ಎಂದಳು. ನಾನು ಅಲ್ಲೇ ಕುಣಿದುಬಿಟ್ಟೆ.

ಪವಿತ್ರ ಬಂದಳು. ಗಂಟೆ ಹೊಡೆದಾಗ ನಾವೆಲ್ಲ ನಿಜವಾಗಿಯೂ ನೀರು ಕುಡಿದೆವು. ಪಾಪ, ದಾಸವಾಳ ಪರೀಕ್ಷೆ ಹೊತ್ತಿಗೆ ಸೊರಗಿಹೋಯಿತು. ಹೆಡ್‌ಮಾಸ್ಟರಿಗೆ ಕಾರಣ ಕೊನೆಗೂ ತಿಳಿಯಲಿಲ್ಲ. ಹೊಸ ಚಿಲಕ ಬಂದಮೇಲೂ ಪವಿತ್ರ ಬಾಗಿಲಾಚೆ ನಿಲ್ಲುತ್ತಿದ್ದಳು. "ಚಿಲಕ ಐತಲ್ಲೇ, ಹೋಗೇ" ಎಂದರೆ, "ಇರ್ಲಿ ಬಿಡೇ, ನಿಂತ್ರೆ ನಿನಗೇನ್ ನಷ್ಟ?" ಎನ್ನುತ್ತಿದ್ದಳು.

ಈಗ ಆ ರಾಗಿ ಹೊಲವಿದ್ದ ಕಡೆಯೇ ಎದ್ದಿರುವ ಗೋಡೌನಿನ ಆಫೀಸಿನಲ್ಲಿ ನನಗೆ ಬಿಲ್ಲಿಂಗ್ ಕೆಲಸ. ಅಜ್ಜಿ ಇಲ್ಲ. ಮಿಸ್ ವರ್ಗವಾಗಿ ಹೋದವರು ಎಲ್ಲಿದ್ದಾರೋ ಗೊತ್ತಿಲ್ಲ. ಪವಿತ್ರ ತುಮಕೂರಿನ ಆಸ್ಪತ್ರೆಯೊಂದರಲ್ಲಿ ನರ್ಸು, ಅವಳ ಪಾಳಿ ನನ್ನ ಪಾಳಿ ಕೂಡಿ ಬರುವುದೇ ಅಪರೂಪ. ನೀರು ಕುಡಿ ಎಂದು ಗಂಟೆ ಹೊಡೆಯುವವರು ಇಲ್ಲಿ ಯಾರೂ ಇಲ್ಲ. ಚಿಲಕವಿಲ್ಲದ ಆ ಬಾಗಿಲಿಗೆ ಬೆಂಕಿ ಬೀಳಲಿ, ಅದು ನನಗೆ ಮತ್ತೆ ಬೇಡವೇ ಬೇಡ. ಇಲ್ಲಿ ಗಟ್ಟಿ ಬಾಗಿಲಿದೆ, ಲೈಟಿದೆ, ಕನ್ನಡಿಯೂ ಇದೆ. ಆದರೂ ಚಿಲಕ ಹಾಕಿಕೊಂಡಮೇಲೆ ಒಂದು ಗಳಿಗೆ ನನ್ನ ಕಿವಿ ಹೊರಗಿನ ಕೂಗಿಗೆ ಕಾಯುತ್ತದೆ. ಲಾರಿಗಳು ಹಿಂದೆ ಸರಿಯುವ ಸದ್ದೊಂದೇ ಕೇಳುತ್ತದೆ.