ಅಕ್ಕನ ಚಪ್ಪಾಳೆ, ಮೇಷ್ಟ್ರ ದೀಪ

ವಿದ್ಯುನ್ಮಾನ ಶಾಸ್ತ್ರವನ್ನು ಹಲಗೆಯ ಮೇಲೆ ಬರೆದು ಕಲಿಸಿದವರು ಹಲವರು. ಬೆಸುಗೆಕೋಲನ್ನೇ ವಿದ್ಯಾರ್ಥಿಗಳ ಕೈಗಿತ್ತು ಕಲಿಸಿದವರು ವಿರಳ. ಆ ವಿರಳರಲ್ಲಿ ಅಗ್ರಗಣ್ಯರು, ನಮ್ಮ ತಾಂತ್ರಿಕ ವಿದ್ಯಾಲಯದ ಪ್ರಯೋಗಾಲಯದಿಂದ ಈ ತಿಂಗಳು ನಿವೃತ್ತರಾಗುತ್ತಿರುವ, ಎಲ್ಲರ ಬಾಯಲ್ಲೂ 'ದೀಪದ ಮೇಷ್ಟ್ರು' ಆಗಿರುವ ಹಿರಿಯರು.

ಆ ಹೆಸರು ಬಂದದ್ದು ಅವರ ಮೊದಲ ಪಾಠದಿಂದ. ಒಂದು ಮೈಕು, ಟ್ರಾನ್ಸಿಸ್ಟರು, ಒಂದಿಷ್ಟು ರೆಸಿಸ್ಟರು, ಎಲ್‌ಇಡಿ, ಬ್ಯಾಟರಿ. ಸದ್ದಾದರೆ ದೀಪ ಮಿನುಗಬೇಕು, ಅಷ್ಟೇ. ಮೈಕಿನ ಕಾಲುಗಳನ್ನು ಅದಲುಬದಲು ಬೆಸೆದು, ಸತ್ತ ದೀಪದ ಮುಂದೆ ಅಂಗೈ ಕೆಂಪಾಗುವ ತನಕ ಚಪ್ಪಾಳೆ ತಟ್ಟದ ವಿದ್ಯಾರ್ಥಿಯೇ ಇಲ್ಲ. "ದೀಪದ ಮೇಲೆ ಸಿಟ್ಟಾಗಬೇಡ. ಬ್ಯಾಟರಿಯಿಂದ ಶುರು ಮಾಡು, ಒಂದೊಂದೇ ನೋಡ್ತಾ ಬಾ" ಎನ್ನುತ್ತಿದ್ದರು ಮೇಷ್ಟ್ರು. ಹೀಗೆ ಕಣ್ಣೀರಿಟ್ಟ ಹುಡುಗಿಯೊಬ್ಬಳ ಪಕ್ಕ ಸ್ಟೂಲು ಎಳೆದು ಕೂತು, ದೀಪ ಹತ್ತಿಸಿ, ಬಸ್ಸು ತಪ್ಪಿದ ಅವಳನ್ನು ಮನೆತನಕ ನಡೆದು ಬಿಟ್ಟು ಬಂದದ್ದೂ ಉಂಟು. ಆಕೆ ಇಂದು ಅದೇ ಪ್ರಯೋಗಾಲಯದಲ್ಲಿ ಅವರ ಸಹೋದ್ಯೋಗಿ.

ಆ ದೀಪ ಮೂಲತಃ ಹುಟ್ಟಿದ್ದು ಮೇಷ್ಟ್ರ ಅಕ್ಕನಿಗಾಗಿ. ತಾಯಿಯಿಲ್ಲದ ತಮ್ಮನನ್ನು ಸಾಕಿದ ಆ ಅಕ್ಕನಿಗೆ ಮಾತು ಬರುತ್ತಿರಲಿಲ್ಲ. ಊಟಕ್ಕೆ ಚಪ್ಪಾಳೆ ತಟ್ಟಿ ಕರೆಯುತ್ತಿದ್ದರು. ಹಿಂದಿನ ಕೋಣೆಯಲ್ಲಿ ಹೆಡ್‌ಫೋನು ಸಿಕ್ಕಿಸಿಕೊಂಡು ರೇಡಿಯೋ ಬಿಚ್ಚುತ್ತಿದ್ದ ತಮ್ಮನಿಗೆ ಅದೆಲ್ಲಿ ಕೇಳಬೇಕು? ಅನ್ನ ಆರುತ್ತಿತ್ತು, ಅಕ್ಕ ಮುಖ ಊದಿಸಿಕೊಳ್ಳುತ್ತಿದ್ದರು. ಕೊನೆಗೆ ತಮ್ಮ ಮೈಕನ್ನು ಅಡುಗೆಮನೆಯಲ್ಲಿಟ್ಟು, ತಂತಿ ಎಳೆದು, ದೀಪವನ್ನು ತನ್ನ ಮೇಜಿನ ಮೇಲಿಟ್ಟುಕೊಂಡ.

ಅಕ್ಕ ಮಗಳ ಸಂಸಾರದೊಂದಿಗೆ ಸಮುದ್ರದಾಚೆ ಹೋದ ಮೇಲೆ, ಫೋನಿನಲ್ಲಿ ಮಗಳು ಮಾತಾಡುತ್ತಿದ್ದಳು, ಅಕ್ಕ ಚಪ್ಪಾಳೆ ತಟ್ಟುತ್ತಿದ್ದರು. ಮೇಷ್ಟ್ರು ಫೋನನ್ನು ಆ ಹಳೆಯ ದೀಪದ ಮೈಕಿನ ಹತ್ತಿರ ಹಿಡಿಯುತ್ತಿದ್ದರು, ದೀಪ ಮಿನುಗುತ್ತಿತ್ತು.

"ಕೇಳಿಸತ್ತಲ್ಲ ಸರ್, ದೀಪ ಯಾಕೆ?" ಎಂದು ಸಹೋದ್ಯೋಗಿ ಒಮ್ಮೆ ಕೇಳಿದ್ದರು.

"ಕೇಳಿದ್ದು ಅಲ್ಲಿಗೇ ಮುಗಿಯತ್ತಮ್ಮ. ದೀಪ ಸ್ವಲ್ಪ ಹೊತ್ತು ಕಣ್ಣಲ್ಲಿರತ್ತೆ."

ಹೋಗಿ ಅಕ್ಕನನ್ನು ಕಣ್ತುಂಬ ನೋಡಬೇಕೆಂಬ ಆಸೆ ವರ್ಷವರ್ಷವೂ ಮೊಳೆಯುತ್ತಿತ್ತು. ಪರೀಕ್ಷೆ, ತಪಾಸಣೆ, ಹೊಸ ತಂಡ ಎಂದು ವರ್ಷವರ್ಷವೂ ಮುಂದಕ್ಕೆ ಹೋಗುತ್ತಿತ್ತು. ಅಕ್ಕನಿಗಾಗಿ ಹಂಬಲಿಸದ ದಿನ ಅವರಿಗಿರಲಿಲ್ಲ.

ಕಳೆದ ತಿಂಗಳು ಫೋನು ಬಂದಾಗ ದೀಪ ಉರಿಯಲಿಲ್ಲ. "ಅಮ್ಮ ತಟ್ತಾನೇ ಇದ್ದಾಳೆ ಮಾವ" ಎಂದಳು ಅಕ್ಕನ ಮಗಳು. ಮೈಕಿನ ಸೂಕ್ಷ್ಮತೆ ಹೆಚ್ಚಿಸುವ ತಿರುಪನ್ನು ಕೊನೆತನಕ ತಿರುಗಿಸಿದರೂ ಉರಿಯಲಿಲ್ಲ. ಮರುದಿನ ಮೇಷ್ಟ್ರು ಅದನ್ನು ಪ್ರಯೋಗಾಲಯಕ್ಕೆ ತಂದು, ವಿದ್ಯಾರ್ಥಿಗಳಿಗೆ ಹೇಳುವ ಕ್ರಮದಲ್ಲೇ ಒಂದೊಂದಾಗಿ ಎಲ್ಲವನ್ನೂ ಪರೀಕ್ಷಿಸಿದರು. ಸಹೋದ್ಯೋಗಿ ಬಗ್ಗಿ ಪಿಸುಗುಟ್ಟಿದರೂ ದೀಪ ಹತ್ತಿತು.

"ಎಲ್ಲ ಸರಿಯಾಗಿದೆಯಲ್ಲ ಸರ್."

"ಹೌದಮ್ಮ. ಸರ್ಕೀಟ್ ಸರಿಯಾಗೇ ಇದೆ" ಎಂದವರು, ಬಲವಿಲ್ಲದ ಕೈಗಳು ತಟ್ಟುವಂತೆ ಅಂಗೈಗಳನ್ನು ಮೆಲ್ಲಗೆ ತಾಗಿಸಿ ನೋಡಿದರು; ದೀಪ ಹತ್ತಲಿಲ್ಲ.

ಅಂದು ಸಂಜೆ ಪ್ರಾಂಶುಪಾಲರು ಕರೆಸಿ, ನಿವೃತ್ತಿಯ ಬಳಿಕವೂ ಅತಿಥಿ ಉಪನ್ಯಾಸಕರಾಗಿ ಮುಂದುವರಿಯಬೇಕೆಂದು ಕೋರಿದರು. ಸಂಸ್ಥೆಗೆ ಎಂದೂ ಇಲ್ಲವೆಂದಿರದ ಮೇಷ್ಟ್ರು, "ಆಗಲ್ಲ ಸರ್, ಅಕ್ಕ ಕರೀತಿದ್ದಾಳೆ" ಎಂದರು.

ಇಂಥ ಅಭಿನಂದನ ಗ್ರಂಥಗಳಲ್ಲಿ ಸೇವೆ ಮುಂದುವರಿಯಲಿ ಎಂದು ಹಾರೈಸುವುದು ವಾಡಿಕೆ. ಮುಂದುವರಿಯಲಿ, ಆದರೆ ಸದ್ಯಕ್ಕೆ ನಮ್ಮಲ್ಲಿ ಬೇಡ. ಮೇಷ್ಟ್ರೂ ಅವರ ಅಕ್ಕನೂ ನೂರ್ಕಾಲ ಬಾಳಲಿ. ಊಟಕ್ಕೆ ಕರೆಯಬೇಕೆನಿಸಿದಾಗ ಅಕ್ಕ ಸುಮ್ಮನೆ ಕೈ ಚಾಚಿದರೆ ಸಾಕು, ತಮ್ಮನ ಭುಜ ಸಿಗುವಂತಾಗಲಿ.