ಐವತ್ತಾರು ದಿನಕ್ಕೊಂದು ಮನೆ

ಲಿಫ್ಟ್ ಕೂರಿಸುವವರ ನಡುವೆ ಅವರಿಗೆ ಮಿಲ್ಲಿಯಣ್ಣ ಎಂದೇ ಹೆಸರು. ಲಿಫ್ಟಿನ ಬಾವಿಯೊಳಗೆ ಮೇಲಿಂದ ತಂತಿ ಇಳಿಬಿಟ್ಟು, ತುದಿಯ ತೂಕದ ಗುಂಡನ್ನು ಎಣ್ಣೆಯ ಬಕೆಟ್ಟಿನಲ್ಲಿ ಮುಳುಗಿಸಿ, ತಂತಿಯ ಅಲುಗಾಟ ಪೂರ್ತಿ ನಿಂತ ಮೇಲಷ್ಟೇ ಅವರು ಅಳತೆಗೆ ಕೈ ಹಾಕುತ್ತಾರೆ. ಲಿಫ್ಟ್ ಓಡುವ ಕಂಬಿ ಒಂದು ಮಿಲ್ಲಿಮೀಟರ್ ಆಚೀಚೆಯಾದರೂ ಬೋಲ್ಟ್ ಬಿಚ್ಚಿಸುತ್ತಾರೆ. ಜೊತೆಗಾರರು ಗೊಣಗುತ್ತಾರೆ, ಆದರೆ ಬಿಚ್ಚುತ್ತಾರೆ.

ಹತ್ತೊಂಬತ್ತು ವರ್ಷದ ಈ ಕೆಲಸದಲ್ಲಿ ಅವರು ಹೆಚ್ಚಾಗಿ ಮಲಗಿದ್ದು ಅರ್ಧ ಎದ್ದ ಕಟ್ಟಡಗಳ ನೆಲಮಾಳಿಗೆಯಲ್ಲಿ, ಸಿಮೆಂಟ್ ಚೀಲಗಳ ಪಕ್ಕ. ಹೆಂಡತಿ ಮತ್ತು ಒಂಬತ್ತು ವರ್ಷದ ಮಗಳು ಇರುವ ಊರು ಬಸ್ಸಿನಲ್ಲಿ ಹನ್ನೊಂದು ಗಂಟೆಯ ದಾರಿ. ಈ ಸಲ ಮಾತ್ರ ಎಲ್ಲ ಕೂಡಿಬಂದಿತ್ತು. ಎಂಟು ಮಹಡಿಯ ಒಂದು ಅಪಾರ್ಟ್‌ಮೆಂಟಿನವರು ಕಟ್ಟುವಾಗ ಎರಡು ಲಿಫ್ಟಿಗೆ ಜಾಗ ಬಿಟ್ಟು ಒಂದನ್ನೇ ಕೂರಿಸಿದ್ದರು. ಹನ್ನೊಂದು ವರ್ಷದ ಹಿಂದೆ ಅದನ್ನು ಕೂರಿಸಿದ್ದು ಮಿಲ್ಲಿಯಣ್ಣನವರೇ. ಈಗ ಎರಡನೆಯದಕ್ಕೂ ಕಂಪನಿ ಅವರನ್ನೇ ಕಳಿಸಿತ್ತು, ಐವತ್ತಾರು ದಿನದ ಕೆಲಸ. ಮಗಳ ಶಾಲೆಗೆ ರಜೆಯಿದ್ದುದೂ ಅದೇ ಐವತ್ತಾರು ದಿನ. ರಜೆ ಪೂರ್ತಿ ಮೂವರೂ ಒಂದೇ ಸೂರಿನಡಿ ಇರೋಣ ಎಂದು ಮಗಳಿಗೆ ಮಾತು ಕೊಟ್ಟು, ಹತ್ತು ದಿನ ಮೊದಲೇ ಬಂದು ಮನೆ ಹುಡುಕಲು ನಿಂತರು.

"ಎಷ್ಟು ತಿಂಗಳಿಗೆ ಬೇಕಣ್ಣ?" ಎಂದು ಮನೆ ದಲ್ಲಾಳಿ ಕೇಳಿದ.

"ಐವತ್ತಾರು ದಿನ."

ದಲ್ಲಾಳಿ ನಕ್ಕ. "ಅಣ್ಣಾ, ಹನ್ನೊಂದು ತಿಂಗಳು ಅಂತ ಹೇಳಿ ಒಳಗೆ ಹೋಗಿ. ಎರಡು ತಿಂಗಳಾದ ಮೇಲೆ ವರ್ಗ ಆಯ್ತು ಅಂತ ಗಂಟುಮೂಟೆ ಕಟ್ಟಿ. ಊರೆಲ್ಲ ಮಾಡೋದು ಅದನ್ನೇ."

"ಇರೋದು ಐವತ್ತಾರು ದಿನ. ಹನ್ನೊಂದು ತಿಂಗಳು ಅಂತ ಹೆಂಗೆ ಹೇಳ್ಲಿ?"

"ಬಾಯಲ್ಲಿ!"

ಆ ಬಾಯಿ ಅವರಿಗಿರಲಿಲ್ಲ. ಮೊದಲ ಮನೆಯ ಯಜಮಾನ ಚಪ್ಪಲಿ ಬಿಡುವ ಮೊದಲೇ ವಾಪಸು ಕಳಿಸಿದ: "ಎರಡು ತಿಂಗಳಿಗೆ ಬರೋರು ಯಾರ್ರೀ? ಎಲ್ಲಿಂದಲೋ ಓಡಿ ಬಂದೋರು, ಇಲ್ಲಾ ಎಲ್ಲಿಗೋ ಓಡಿ ಹೋಗೋರು." ಎರಡನೆಯ ಮನೆಯಾಕೆ ಅಡುಗೆಮನೆಯ ಕಿಟಕಿ ತೆರೆದು ಗಾಳಿ ಬರುವುದನ್ನು ತೋರಿಸಿದರು, ಮಗಳು ಎಷ್ಟನೇ ಕ್ಲಾಸು ಎಂದು ಕೇಳಿದರು. ದಿನದ ಲೆಕ್ಕ ಕಿವಿಗೆ ಬಿದ್ದದ್ದೇ, ಆ ಮನೆ ತಮ್ಮನಿಗೆ ಬೇಕಾಗಿರುವುದು ಅವರಿಗೆ ನೆನಪಾಯಿತು. ಕಿಟಕಿ ಮುಚ್ಚಿದರು. ಪ್ರವಾಸಿಗರಿಗೆಂದು ದಿನದ ಬಾಡಿಗೆಗೆ ಕೊಡುವ ಮನೆಗಳಿದ್ದವು. ಅಲ್ಲಿ ವಾರ ಕಳೆದರೆ ತಿಂಗಳ ಸಂಬಳ ಮುಗಿಯುತ್ತಿತ್ತು.

"ದಿನಕ್ಕಾದ್ರೆ ಲಾಡ್ಜು, ವರ್ಷಕ್ಕಾದ್ರೆ ಮನೆ," ಎಂದ ದಲ್ಲಾಳಿ. "ನಡುವೆ ಇರೋರಿಗೆ ಈ ಊರಲ್ಲಿ ಫುಟ್‌ಪಾತೇ ಗತಿ ಅಣ್ಣ."

ಎಂಟನೆಯ ದಿನ, ಕೆಲಸದ ಕಟ್ಟಡದಲ್ಲೇ ಆರನೇ ಮಹಡಿಯ ಮನೆಯೊಂದು ಖಾಲಿಯಿರುವುದು ತಿಳಿಯಿತು. ಬೇರೆ ಊರಿನಲ್ಲಿದ್ದ ಒಡತಿ ಫೋನಿನಲ್ಲೇ ಒಪ್ಪಿದರು: "ಖಾಲಿ ಬಿದ್ದು ಧೂಳು ತಿನ್ನೋ ಬದಲು ನಿಮ್ಮ ಮಗು ಓಡಾಡ್ಕೊಂಡಿರ್ಲಿ." ಮಿಲ್ಲಿಯಣ್ಣ ನೆಲ ಒರೆಸಿದರು, ಒಂದು ಒಲೆ, ಮೂರು ತಟ್ಟೆ ತಂದಿಟ್ಟರು, ಹೆಂಡತಿಗೆ ಹೊರಡಲು ಹೇಳಿದರು.

ತಾಯಿ ಮಗಳು ಬೆಳಗಿನ ಬಸ್ಸಿಗೆ ಬಂದಿಳಿದರು. ಅಪಾರ್ಟ್‌ಮೆಂಟಿನ ಗೇಟಿನ ಬಳಿ ನಿವಾಸಿಗಳ ಸಂಘದ ಅಧ್ಯಕ್ಷರು ಕಾಯುತ್ತಿದ್ದರು. ಕೈಯಲ್ಲೊಂದು ಟೈಪು ಮಾಡಿದ ಹಾಳೆ. ಆರು ತಿಂಗಳಿಗಿಂತ ಕಡಿಮೆ ಅವಧಿಯ ಬಾಡಿಗೆದಾರರು ಲಿಫ್ಟ್ ಬಳಸುವಂತಿಲ್ಲ, ಮೆಟ್ಟಿಲನ್ನೇ ಬಳಸತಕ್ಕದ್ದು. ಒಪ್ಪಿ ಸಹಿ ಹಾಕಿದರೆ ಮಾತ್ರ ಒಳಗೆ ಪ್ರವೇಶ. ಹಾಳೆಯ ಮೇಲಿದ್ದದ್ದು ಹಿಂದಿನ ದಿನದ ತಾರೀಖು.

"ನಿಮ್ಮನ್ನೇ ಅಂತ ಅಲ್ಲಪ್ಪ, ರೂಲು ಎಲ್ಲರಿಗೂ ಒಂದೇ," ಎಂದರು ಅಧ್ಯಕ್ಷರು.

ಹೆಂಡತಿ ಹಾಳೆಯನ್ನು ಎರಡು ಸಲ ಓದಿದರು. "ಸರ್, ಓಡ್ತಾ ಇರೋ ಲಿಫ್ಟು ಯಾರು ಕೂರಿಸಿದ್ದು?"

"ಇವರೇ. ಹನ್ನೊಂದು ವರ್ಷದಿಂದ ಒಂದು ಕಂಪ್ಲೇಂಟಿಲ್ಲ. ಅದಕ್ಕೇ ತಾನೆ ಮತ್ತೆ ಇವರನ್ನೇ ಕೇಳಿ ಕರೆಸಿದ್ದು."

"ಎಂಟು ಮಹಡಿ ಎತ್ತರದಲ್ಲಿ ನಿಮ್ಮ ಜೀವ ಇವರ ಕೈಗೆ ಕೊಡ್ತೀರಿ. ಇವರ ಮಗಳು ಅದರೊಳಗೆ ನಿಂತ್ರೆ ಮೈಲಿಗೆನಾ?"

"ಅಮ್ಮಾ, ದೊಡ್ಡ ಮಾತು ಬೇಡ. ಕಮಿಟಿ ತೀರ್ಮಾನ."

ಮಿಲ್ಲಿಯಣ್ಣ ಮಗಳ ಬ್ಯಾಗನ್ನು ಹೆಗಲಿಗೇರಿಸಿಕೊಂಡಿದ್ದರು. ಜೇಬಿನಿಂದ ಪೆನ್ನು ತೆಗೆದರು. "ಆರು ಮಹಡಿ ತಾನೆ," ಎಂದರು ಮೆಲ್ಲಗೆ. "ಐವತ್ತಾರು ದಿನ ಹತ್ತೋಣ ಬಿಡು. ಒಟ್ಟಿಗಂತೂ ಇರ್ತೀವಿ."

"ರೀ, ಆರು ಮಹಡಿ ಹತ್ತೋದು ನನಗೇನೂ ಕಷ್ಟ ಅಲ್ಲ. ಲಿಫ್ಟಿಗೆ ಬರಬೇಡಿ ಅಂತ ಇವರು ಅಂದಿದ್ದಕ್ಕೆ ಹತ್ತೋದು ಕಷ್ಟ. ಇವಳ ಎದುರಿಗೆ ಇದಕ್ಕೆ ಸಹಿ ಹಾಕಬೇಡಿ."

ಮಗಳು ಅಪ್ಪನ ಕೈಯನ್ನೇ ನೋಡುತ್ತಿದ್ದಳು. ಅವರು ಪೆನ್ನಿನ ಮುಚ್ಚಳ ಹಾಕಿದರು. ಹಾಳೆಯನ್ನು ಮಡಚದೆ, ಬಂದಂತೆಯೇ ಹಿಂತಿರುಗಿಸಿದರು.

ಬಸ್ ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ಮೂವರೂ ಎರಡು ದಿನ ಇದ್ದರು. ದಲ್ಲಾಳಿ ಇನ್ನೂ ನಾಲ್ಕು ಬಾಗಿಲು ತಟ್ಟಿಸಿದ. ನಾಲ್ಕೂ ಕಡೆ ಮಿಲ್ಲಿಯಣ್ಣ ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ನಾಲ್ಕೂ ಮುಚ್ಚಿದವು. ಮೂರನೆಯ ದಿನ ತಾಯಿ ಮಗಳು ಹಿಂದಿರುಗುವ ಬಸ್ ಹತ್ತಿದರು. ಆರನೇ ಮಹಡಿಯ ಮನೆಗೆ ಬೀಗವೇ ಇತ್ತು. ಮಿಲ್ಲಿಯಣ್ಣ ನೆಲಮಾಳಿಗೆಯಲ್ಲಿ, ಕಂಬಿಗಳ ಕಟ್ಟಿನ ಪಕ್ಕ ಹಾಸಿಗೆ ಬಿಡಿಸಿದರು. ಅದಕ್ಕೆ ಯಾವ ಕಮಿಟಿಯ ತಕರಾರೂ ಇರಲಿಲ್ಲ.

"ಅಣ್ಣಾ, ಆರನೇ ಮಹಡೀಲಿ ನಿಲ್ಲದ ಹಾಗೆ ವೈರಿಂಗ್ ಮಾಡಿಬಿಡ್ಲಾ?" ಎಂದು ಜೊತೆಗಾರನೊಬ್ಬ ಕೇಳಿದ. "ಅಧ್ಯಕ್ಷರ ಮನೆ ಇರೋದೂ ಅಲ್ಲೇ."

"ಲಿಫ್ಟು ಏನು ತಪ್ಪು ಮಾಡ್ತೋ ನಿಂಗೆ?"

ಐವತ್ನಾಲ್ಕನೆಯ ದಿನ ಎರಡನೆಯ ಲಿಫ್ಟ್ ಓಡಿತು. ಲಿಫ್ಟಿನ ನೆಲಕ್ಕೂ ಬಾಗಿಲ ಹೊಸ್ತಿಲಿಗೂ ಎಂಟು ಮಹಡಿಯಲ್ಲೂ ಒಂದೇ ಅಂತರ. ಪರೀಕ್ಷೆಯ ವರದಿಯಲ್ಲಿ ಮಿಲ್ಲಿಯಣ್ಣ ದೋಷವಿಲ್ಲ ಎಂದು ಬರೆದು ಸಹಿ ಹಾಕಿದರು, ದೋಷ ಇರಲಿಲ್ಲವಾದ್ದರಿಂದ. ಅಧ್ಯಕ್ಷರು ಎಲ್ಲರ ಜೊತೆ ಫೋಟೋಗೆ ನಿಲ್ಲಲು ಕರೆದರು.

"ಬಸ್ಸಿಗೆ ಹೊತ್ತಾಯ್ತು ಸರ್," ಎಂದು ಅವರು ಹೊರಟರು.

ರಜೆಯಲ್ಲಿ ಉಳಿದಿದ್ದು ಎರಡು ದಿನ. ಮನೆ ತಲುಪಿದಾಗ ಮಗಳು ಶಾಲೆಯ ಹೊಸ ಪುಸ್ತಕಗಳಿಗೆ ಕಂದು ಕಾಗದದ ಹೊದಿಕೆ ಹಾಕುತ್ತಿದ್ದಳು. ಅವರು ಕೈಕಾಲು ತೊಳೆದು ಬಂದು ಅವಳ ಪಕ್ಕ ನೆಲದ ಮೇಲೆ ಕೂತರು.

"ಕತ್ತರಿ ಕೊಡು," ಎಂದರು.