ಮೆತ್ತನೆಯ ಕಾರು ಮತ್ತು ಅಕ್ಕನ ಹೊಟ್ಟೆ

ನಮ್ಮ ಅಕ್ಕನ ಎದುರಿಗೆ ‘ಕಾರು’ ಎಂದರೆ ಸಾಕು, ಆಕೆಯ ಕೈ ನಿಂಬೆಹಣ್ಣು ಹುಡುಕುತ್ತದೆ.

ಹೋದ ವಾರ ಅದೇ ಅಕ್ಕನನ್ನು ಅಥಣಿಯಿಂದ ಭೋಜಕ್ಕೆ ಕರೆತರಬೇಕಿತ್ತು. ಅಲ್ಲಿ ನಮ್ಮ ತಮ್ಮನ ಎರಡನೇ ಮಗಳ ನಾಮಕರಣ. ನಮ್ಮ ಕಡೆ ಕೂಸಿಗೆ ಹೆಸರಿಡುವವಳು ಸೋದರತ್ತೆ. ತೊಟ್ಟಿಲಿಗೆ ಬಾಗಿ, ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಉಸುರಬೇಕು. ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. (ಯಾಕೆ ಅಂತ ಕೇಳಬೇಡಿ. ನನಗೂ ಗೊತ್ತಿಲ್ಲ, ಗುದ್ದುವವರಿಗೂ ಗೊತ್ತಿಲ್ಲ.)

ಮೊದಲ ಮಗಳ ನಾಮಕರಣದಂದು ಅಕ್ಕ ಕಾರಿನಿಂದ ಇಳಿದವಳೇ ಒಳಕೋಣೆಯಲ್ಲಿ ಮಲಗಿಬಿಟ್ಟಿದ್ದಳು. ಹೆಸರು ಹೇಳಿದ್ದು ಚಿಕ್ಕಪ್ಪನ ಮಗಳು. ಅಕ್ಕ ಅದರ ಬಗ್ಗೆ ಇವತ್ತಿಗೂ ಒಂದು ಮಾತು ಆಡಿಲ್ಲ. ಈ ಸಲವೂ ಹಾಗೇ ಆದರೆ? ತಮ್ಮ ಇನ್ನು ಮಕ್ಕಳು ಸಾಕು ಎಂದಿದ್ದ.

ಅಕ್ಕನ ಮಗ ಸನ್ಮತಿ ಹೊಸ ಕಾರು ತಂದಿದ್ದ. ಎತ್ತರದ್ದು, ಸೋಫಾದಂಥ ಸೀಟಿನದು. ತಗ್ಗು ಬಂದರೆ ಗೊತ್ತೇ ಆಗುವುದಿಲ್ಲ ಎಂದು ನನಗೆ ಮೂರು ಸಲ ಹೇಳಿದ. ನಿಜ, ಗೊತ್ತಾಗಲಿಲ್ಲ. ಆದರೆ ಕಬ್ಬಿನ ಟ್ರಾಲಿ ದಾಟುವಾಗಲೆಲ್ಲ ಕಾರು ಒಮ್ಮೆ ಈ ಕಡೆ ವಾಲಿ, ಒಮ್ಮೆ ಆ ಕಡೆ ವಾಲಿ, ಸಾವಕಾಶ ನೆಟ್ಟಗಾಗುತ್ತಿತ್ತು. ಮುಂದಿನ ಸೀಟು ನನ್ನದು. ಸೋದರಮಾವ ಹಿಂದೆ ಕೂತರೆ ಮರ್ಯಾದೆಯೇ? ಹಿಂದೆ ಕೂತ ಅಕ್ಕನಿಗೆ ರಸ್ತೆ ಕಾಣಲಿಲ್ಲ, ನನ್ನ ತಲೆ ಕಂಡಿತು.

ಕಾಗವಾಡದಲ್ಲಿ ಅಕ್ಕನ ಮಾತು ನಿಂತಿತು. ಅಂಕಲಿ ದಾಟಿದ ಮೇಲೆ ಕಾರನ್ನೇ ನಿಲ್ಲಿಸಬೇಕಾಯಿತು.

ಅವಳು ಬಾಯಿ ಮುಕ್ಕಳಿಸುವಾಗ, ತೊಟ್ಟಿಲು ಮತ್ತು ಪಾತ್ರೆ ಹೇರಿಕೊಂಡ ನಮ್ಮದೇ ಪಿಕಪ್ ಹಿಂದಿನಿಂದ ಬಂತು. ನಾನು ಮುಂದಿನ ಸೀಟು ಬಿಟ್ಟುಕೊಡುತ್ತೇನೆ ಎಂದೆ. ಅಕ್ಕ ಪಿಕಪ್ ಕಡೆ ನೋಡಿ, ತಾನು ಅದರಲ್ಲಿ ಬರುತ್ತೇನೆ ಎಂದಳು.

“ಅವ್ವಾ, ಮಂದಿ ಏನ್ ಅಂದಾರು? ಅದು ಎಲುಬು ಮುರಿಯೂ ಗಾಡಿ,” ಎಂದ ಸನ್ಮತಿ.

“ಎಲುಬು ಗಟ್ಟಿ ಅದಾವು. ನಿನ್ನ ಗಾಡಿ ತೊಟ್ಟಲಾ ತೂಗಿದಂಗ ತೂಗತೈತಿ. ಕೂಸಿದ್ರ ನಿದ್ದಿ ಮಾಡ್ತಿತ್ತು. ನನಗ ವಾಂತಿ ಬರತೈತಿ.”

(ಮಾತು ಇಷ್ಟೇ ಚೊಕ್ಕವಾಗಿತ್ತೇ, ಅಥವಾ ನನ್ನ ನೆನಪು ತಿದ್ದಿ ಬರೆಯಿತೇ? ಸನ್ಮತಿಯ ಪ್ರಕಾರ ಅವ್ವ ಇದರ ಅರ್ಧವನ್ನೂ ಹೇಳಿಲ್ಲ.)

ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು, ಅಕ್ಕ ಪಿಕಪ್ ಹತ್ತಿ ಡ್ರೈವರನ ಪಕ್ಕ ಕೂತಳು. ಭೋಜ ತಲುಪುವವರೆಗೆ ಅದು ಎಲ್ಲೂ ನಿಲ್ಲಬೇಕಾಗಲಿಲ್ಲ.

ಆಮೇಲೆ ನಾನು ಓದಿ ತಿಳಿದುಕೊಂಡದ್ದು ಇದು. ಗಾಡಿಯ ಸ್ಪ್ರಿಂಗು, ಅಂದರೆ ಸಸ್ಪೆನ್ಷನ್, ಗಡಸಾಗಿದ್ದರೆ ಗಡಗಡ ಕುಲುಕಿಸುತ್ತದೆ, ಅದು ಮೈಗೆ ನೋವು. ಮೆತ್ತನೆಯದು ಗುಂಡಿಯನ್ನು ನುಂಗುತ್ತದೆ, ಆದರೆ ತಿರುವಿನಲ್ಲಿ ಗಾಡಿಯನ್ನು ಹೆಚ್ಚು ವಾಲಿಸುತ್ತದೆ. ಹೊಟ್ಟೆಗೆ ಆಗದಿರುವುದು ಆ ನಿಧಾನದ ತೂಗಾಟ. ಒಳಗಿವಿ ‘ವಾಲುತ್ತಿದ್ದೇವೆ’ ಎನ್ನುತ್ತದೆ, ಎದುರಿನ ಸೀಟನ್ನೇ ನೋಡುವ ಕಣ್ಣು ‘ಇಲ್ಲವಲ್ಲ’ ಎನ್ನುತ್ತದೆ. ಈ ಜಗಳದಲ್ಲಿ ಪೆಟ್ಟು ತಿನ್ನುವುದು ಹೊಟ್ಟೆ.

ಹಾಗಾದರೆ ಅಕ್ಕನನ್ನು ಉಳಿಸಿದ್ದು ಪಿಕಪ್ಪಿನ ಗಡಸುತನವೇ, ಕಣ್ಣೆದುರಿನ ರಸ್ತೆಯೇ, ಖಾಲಿ ಹೊಟ್ಟೆಯೇ? ಖಚಿತವಾಗಿ ಹೇಳಲಾರೆ. ನಾನು ಮೆಚ್ಚಿದ್ದು ಅವಳ ಧೈರ್ಯವನ್ನು. ಬೀಗರೆಲ್ಲ ಬಾಗಿಲಲ್ಲಿ ನಿಂತಿರುವಾಗ, ಹೊಸ ಕಾರು ಬಿಟ್ಟು ಸಾಮಾನಿನ ಗಾಡಿಯಿಂದ ಇಳಿಯುವುದು ನನ್ನಿಂದ ಆಗುತ್ತಿತ್ತೇ?

ಭೋಜದಲ್ಲಿ ಅಕ್ಕ ಮುಖ ತೊಳೆದು ನೇರ ತೊಟ್ಟಿಲ ಹತ್ತಿರ ಹೋದಳು. ದಾರಿಯಲ್ಲಿ ಆದದ್ದು ಹೆಂಗಸರಿಗೆ ಆಗಲೇ ತಿಳಿದಿತ್ತು. ಎತ್ತಿದ ಮುಷ್ಟಿಗಳು ಹಾಗೇ ನಿಂತವು.

ಬಾಗಿದ ಅಕ್ಕ ತಲೆ ಎತ್ತದೆ ಹೇಳಿದಳು: “ಗುದ್ದ್ರೆವ್ವಾ, ಒಳಗ ಏನೂ ಉಳದಿಲ್ಲ.”

ನಗುವಿನ ನಡುವೆ ಗುದ್ದುಗಳು ಬಿದ್ದವು. ಕೂಸಿಗೆ ಅತ್ತೆಯ ಬಾಯಿಂದಲೇ ಹೆಸರಾಯಿತು.

ಕಾರು ಕೊಳ್ಳುವ ಮುಂಚೆ ಎಲ್ಲರೂ ಓಡಿಸಿ ನೋಡುತ್ತೇವೆ. ಹಿಂದಿನ ಸೀಟಿನಲ್ಲಿ ಅವ್ವನನ್ನು ಕೂಡಿಸಿ ನೋಡಿದವರು ಎಷ್ಟು ಮಂದಿ?